ಕೆಂಪು ಚೀಟಿಯ ಚಿಲಕ

ಜನವರಿ 5, ಸೋಮವಾರ

ಬೆಳಿಗ್ಗೆ ಅಭ್ಯಾಸಬಲದಿಂದ ಐಡಿ ಕಾರ್ಡಿಗಾಗಿ ಗೋಡೆಯ ಮೊಳೆಯ ಕಡೆ ಕೈ ಚಾಚಿದೆ. ಮೊಳೆ ಮಾತ್ರ ಇತ್ತು. ಕಾರ್ಡನ್ನು ಕಳೆದ ಬುಧವಾರವೇ ವಾಪಸು ಕೊಟ್ಟು ಬಂದಿದ್ದೇನೆ. ಕೈಯಲ್ಲಿದ್ದ ಕೆಲಸ ಬಿಟ್ಟು ಸ್ವಂತ ಉದ್ಯಮಕ್ಕೆ ಇಳಿದವಳ ಮೊದಲ ದಿನ ಹೀಗೆ ಮೊಳೆಯ ಮುಂದೆ ಪೆಚ್ಚಾಗಿ ನಿಂತು ಶುರುವಾಯಿತು.

ದಿನಚರಿ ಬರೆಯುವ ಚಟ ನನಗಿಲ್ಲ. ಆದರೆ ಈಗ ಯಾರ ಹತ್ತಿರ ಗೊಣಗಿದರೂ "ನಾನು ಮೊದಲೇ ಹೇಳಿದ್ದೆ" ಎನ್ನುವವರೇ. ಅದಕ್ಕೇ ನನ್ನ ಗೊಣಗಾಟವನ್ನೆಲ್ಲ ಇಲ್ಲೇ ಸುರಿಯುವುದೆಂದು ತೀರ್ಮಾನಿಸಿದ್ದೇನೆ.

ಬೀಗ, ಚಿಲಕ, ಬಾಗಿಲ ಹಿಡಿಕೆ ಮಾಡುವ ಕಾರ್ಖಾನೆಯಲ್ಲಿ ನಾನು ಮಾಲು ತಪಾಸಣೆ ಮಾಡುತ್ತಿದ್ದವಳು. ಮದುವೆಗೆ ಮುಂಚಿನಿಂದಲೂ ಅದೇ ಮೇಜು, ಅದೇ ಕುರ್ಚಿ. ಸರಿಯಿಲ್ಲದ ಮಾಲಿಗೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ಒಮ್ಮೆ ಕಟ್ಟಿದರೆ ಮ್ಯಾನೇಜರೇ ಬಂದು ಬೇಡಿಕೊಂಡರೂ ಬಿಚ್ಚಿದವಳಲ್ಲ. ಹುಡುಗರು ಹಿಂದಿನಿಂದ "ಕೆಂಪು ಚೀಟಿ ಬಂದ್ಲು, ಕೆಂಪು ಚೀಟಿ ಬಂದ್ಲು" ಎಂದು ಪಿಸುಗುಡುತ್ತಿದ್ದರು. ನನಗೇನೋ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಅಂಥ ಕುರ್ಚಿ ಬಿಟ್ಟದ್ದು ಅತ್ತೆಯ ಕಾರಣಕ್ಕೆ. ಅವರ ಬೆರಳುಗಳು ಸಂಧಿವಾತದಿಂದ ಕೊಕ್ಕೆಯ ಹಾಗೆ ಸೊಟ್ಟಗಾಗಿವೆ. ಹೋದ ವರ್ಷ ಬಚ್ಚಲಿನ ಚಿಲಕ ಹಾಕಿಕೊಂಡವರು ತೆಗೆಯಲಾಗದೆ ಒಳಗೇ ಉಳಿದುಬಿಟ್ಟರು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಬಾಗಿಲು ಒಡೆದು ಹೊರಗೆ ತಂದೆವು. ಹೊಸ ಬಾಗಿಲಿಗೆ ಚಿಲಕವೇ ಬೇಡವೆಂದು ಹಟ ಹಿಡಿದರು. ಅವತ್ತಿನಿಂದ ಬಾಗಿಲು ಅರೆ ತೆರೆದುಕೊಂಡೇ ಒಳಗೆ ಹೋಗುತ್ತಾರೆ, ಹೊರಗೆ ನಾನು ಕಾವಲು ನಿಲ್ಲುತ್ತೇನೆ.

ಬೆರಳಿನ ಕೆಲಸವೇ ಇಲ್ಲದ ಚಿಲಕ ಮಾಡಬಹುದಲ್ಲ ಎಂದು ಹೊಳೆದದ್ದು ಆಗ. ಅಂಗೈಯಗಲದ ಹಿಡಿ; ಮಣಿಕಟ್ಟಿನಿಂದಲೋ ಮೊಣಕೈಯಿಂದಲೋ ನೂಕಿದರೆ ಸಾಕು. ಮ್ಯಾನೇಜರಿಗೆ ಚಿತ್ರ ಬರೆದು ತೋರಿಸಿದೆ. "ಐಡಿಯಾ ಚೆನ್ನಾಗಿದೆ, ಸಲಹಾ ಪೆಟ್ಟಿಗೆಗೆ ಹಾಕಿ" ಎಂದರು. ಆ ಪೆಟ್ಟಿಗೆಯ ಕೀಲಿ ಕಳೆದು ಎಷ್ಟೋ ವರ್ಷವಾಗಿದೆ. ಬೀಗದ ಕಾರ್ಖಾನೆಯಲ್ಲಿ! ನನಗೆ ಪಿತ್ತ ನೆತ್ತಿಗೇರಿತು. ರಾಜೀನಾಮೆ ಬರೆದುಕೊಟ್ಟೆ.

"ಮಾರ್ಚ್ ಕೊನೆವರೆಗೂ ನಿಮ್ಮ ಕುರ್ಚಿಗೆ ಯಾರನ್ನೂ ಕೂರಿಸಲ್ಲ. ಕೋಪ ಇಳಿದ ಮೇಲೆ ಬನ್ನಿ" ಎಂದು ಮ್ಯಾನೇಜರ್ ನಕ್ಕರು.

ಕೋಪವಂತೆ.

ಜನವರಿ 12, ಸೋಮವಾರ

ಮನೆಯಿಂದ ಎರಡು ಬೀದಿ ಆಚೆ ಒಂದು ಶೆಡ್ಡು ಸಿಕ್ಕಿದೆ. ಹಿಂದೆ ಯಾರದೋ ಕಾರು ನಿಲ್ಲುತ್ತಿದ್ದ ಜಾಗ. ನೆಲದ ತುಂಬ ಎಣ್ಣೆಯ ಕಲೆ. ಷಟರ್ ಅರ್ಧಕ್ಕಿಂತ ಮೇಲೆ ಹೋಗುವುದಿಲ್ಲ, ಹೀಗಾಗಿ ಉದ್ಯಮಿಯಾದ ನಾನು ದಿನಾ ಬೆನ್ನು ಬಗ್ಗಿಸಿಕೊಂಡೇ ಪ್ರವೇಶ ಮಾಡಬೇಕು.

ನಮ್ಮ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಫಿಟ್ಟರಣ್ಣನನ್ನು ಕರೆದುಕೊಂಡಿದ್ದೇನೆ. ಕೈ ಚುರುಕು, ಮೂಗಿನ ಮೇಲೆ ಕೋಪ. "ನಿಮ್ಮ ಕೆಳಗೆ ಕೆಲಸ ಮಾಡೋದಾ ಮೇಡಂ? ಅಲ್ಲೂ ನೀವೇ, ಇಲ್ಲೂ ನೀವೇ" ಎಂದು ಹಣೆ ಚಚ್ಚಿಕೊಂಡು ನಕ್ಕ. ಬಂದನಂತೂ ಬಂದ.

ಇವತ್ತು ತಡವಾಗಿ ಹೋದೆ. ಹೊರಡುವ ಹೊತ್ತಿಗೆ ಸರಿಯಾಗಿ ಅತ್ತೆ ಕರೆದರು. "ಬಾರಮ್ಮ, ಸ್ವಲ್ಪ ನಿಲ್ಲು." ಅವರ ಕೋಣೆಗೆ ಅಂಟಿಕೊಂಡಿರುವ ಪುಟ್ಟ ಬಚ್ಚಲು ಅದು, ಬೇರೆ ಯಾರೂ ಬಳಸುವುದಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಒಳಗೆ ಅವರು ಸುಮ್ಮನೆ ಕೆಮ್ಮುತ್ತಿರುತ್ತಾರೆ. ಕೆಮ್ಮು ಇಲ್ಲದಿದ್ದರೂ ಕೆಮ್ಮುತ್ತಾರೆ. ಹೊರಗೆ ಬಂದಾಗ ನನ್ನ ಮುಖ ನೋಡುವುದಿಲ್ಲ, ನಾನೂ ಅವರ ಮುಖ ನೋಡುವುದಿಲ್ಲ.

"ನಿಮಗೋಸ್ಕರವೇ ಅತ್ತೆ ಈ ಒದ್ದಾಟ ಎಲ್ಲ" ಎಂದೆ, ಸಮಾಧಾನಕ್ಕೆ.

"ನನ್ನ ಹೆಸರು ಹೇಳ್ಬೇಡ. ಕೆಲಸ ಬಿಡು ಅಂತ ನಾನೇನು ಅಂದಿದ್ನಾ?"

ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಜನವರಿ 23, ಶುಕ್ರವಾರ

ಚಿಲಕದ ಬಿಡಿಭಾಗಗಳ ಮೊದಲ ಕಂತನ್ನು ಎರಕದವನು ಕಳಿಸಿದ್ದಾನೆ. ಫಿಟ್ಟರಣ್ಣ ಜೋಡಿಸುತ್ತಾ ಹೋದ, ನಾನು ಮೇಜಿನ ಮೇಲೆ ಇಕ್ಕಳಕ್ಕೆ ಕಚ್ಚಿಸಿ ಒಂದೊಂದನ್ನೇ ಪರೀಕ್ಷಿಸಿದೆ.

ನನ್ನ ಹತ್ತಿರ ಉಕ್ಕಿನ ತೆಳುವಾದ ಪಟ್ಟಿಯೊಂದಿದೆ. ನಮ್ಮ ಕಾರ್ಖಾನೆಯಲ್ಲಿ ಅದನ್ನು "ಎಲೆ" ಅನ್ನುತ್ತೇವೆ. ಚಿಲಕದ ಸರಳಿಗೂ ಅದು ಓಡಾಡುವ ಕೊಳವೆಗೂ ನಡುವೆ ಆ ಎಲೆ ತೂರಿದರೆ ಚಿಲಕ ಸಡಿಲ ಎಂದರ್ಥ. ಸಡಿಲವಾದ ಚಿಲಕ ಲೊಟಲೊಟ ಅನ್ನುತ್ತದೆ. ಲೊಟಲೊಟ ಅನ್ನುವ ಮಾಲು ನನ್ನ ಕೈ ದಾಟಿ ಹೊರಗೆ ಹೋದದ್ದೇ ಇಲ್ಲ.

ಇವತ್ತು ಎಲೆ ಎಲ್ಲದರಲ್ಲೂ ತೂರಿತು. ಕೆಲವದರಲ್ಲಂತೂ ಎಲೆಯ ಜೊತೆ ನನ್ನ ಮರ್ಯಾದೆಯೂ ತೂರಿಹೋಗುವಷ್ಟು ಸಂದು.

"ಸಂದಿದ್ರೆ ಏನಾಯ್ತು ಮೇಡಂ, ಹಾಕ್ತದೆ, ತೆಗೀತದೆ."

"ಹಾಗಂತ ಹೇಳಿ ಕಳಿಸೋದಾದ್ರೆ ನಾನ್ಯಾಕೆ ಬೇಕು ಇಲ್ಲಿ?"

ಎಲ್ಲಕ್ಕೂ ಕೆಂಪು ಚೀಟಿ ಕಟ್ಟಿ ಮೂಲೆಗೆ ಹಾಕಿದೆ. ಅತ್ತೆಗೆ ಮೊದಲು ತೋರಿಸುವುದು ಪಾಸಾದ ಚಿಲಕವನ್ನೇ. ಅರೆಬರೆ ಮಾಲು ತೋರಿಸಿ ಅವರ ಬಾಯಿಗೆ ಬೀಳುವ ದರ್ದು ನನಗಿಲ್ಲ.

ಫೆಬ್ರವರಿ 6, ಶುಕ್ರವಾರ

ಎರಕದವನ ಜೊತೆ ಜಗಳ. ಫಿಟ್ಟರಣ್ಣನ ಜೊತೆ ಜಗಳ. ಷಟರಿನ ಜೊತೆಯೂ ಜಗಳ, ತಲೆ ಹೊಡೆಸಿಕೊಂಡೆ.

ಅರ ಹಾಕಿ ಉಜ್ಜಿದರೆ ಸರಳು ಇನ್ನೂ ಸಣ್ಣದಾಗುತ್ತದೆ, ಸಂದು ಇನ್ನೂ ದೊಡ್ಡದಾಗುತ್ತದೆ. ದಪ್ಪ ಸರಳು ಹಾಕಿದರೆ ಕೊಳವೆಗೆ ಹೋಗುವುದೇ ಇಲ್ಲ. ನಡುವಿನ ದಪ್ಪದ್ದನ್ನು ಹುಡುಕಿ ಫಿಟ್ಟರಣ್ಣ ದಿನವೆಲ್ಲ ಕೂತು ಉಜ್ಜಿದ ಮೇಲೆ ಒಂದೋ ಎರಡೋ ಪಾಸಾಗುತ್ತವೆ. ಉಳಿದದ್ದೆಲ್ಲ ಮೂಲೆಗೆ. ಮೂಲೆಯ ರಾಶಿ ನನ್ನ ಸೊಂಟದ ಮಟ್ಟಕ್ಕೆ ಬಂದಿದೆ.

ಮನೆಗೆ ಬಂದು ಅಡುಗೆಗೆ ನಿಂತರೆ ಯೋಚನೆ ಎಲ್ಲೋ, ಕೈ ಎಲ್ಲೋ. ಊಟಕ್ಕೆ ಕೂತಾಗ ಮಗಳು ಪಾತ್ರೆಯ ಹಿಡಿಗೆ ನನ್ನದೇ ಕೆಂಪು ಚೀಟಿಯೊಂದನ್ನು ಕಟ್ಟಿಟ್ಟಿದ್ದಳು. "ಉಪ್ಪು ಜಾಸ್ತಿ. ತಳ ಹಿಡಿದಿದೆ. ವಾಪಸ್." ಯಜಮಾನರು ಕೆಳಗೆ ಬಗ್ಗಿ ಏನೋ ಹುಡುಕುವವರ ಹಾಗೆ ನಕ್ಕರು. ಅತ್ತೆ ನಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ತಿಂದು ಎದ್ದುಹೋದರು.

ನನಗೆ ಅಳು ಬಂತು. ಕಾಲೇಜಿಗೆ ಹೋಗುವ ಮಗಳ ಮುಂದೆ ಅಳುವುದೇ? ಮೆಣಸಿನಕಾಯಿ ಮೇಲೆ ಹಾಕಿದೆ ತಪ್ಪನ್ನು.

ಫೆಬ್ರವರಿ 12, ಗುರುವಾರ

ಯಜಮಾನರು ಮಧ್ಯಾಹ್ನ ಔಷಧದ ಅಂಗಡಿಯಿಂದ ಊಟಕ್ಕೆ ಬಂದವರು ಅಪರೂಪಕ್ಕೆ ಶೆಡ್ಡಿಗೂ ಬಂದರು. ಮೂಲೆಯ ರಾಶಿಯ ಹತ್ತಿರ ಬೆಕ್ಕಿನ ಹಾಗೆ ಸುಳಿದಾಡುತ್ತಿದ್ದರು. ಏನು ಬೇಕು ಎಂದರೆ ಸ್ಕ್ರೂಡ್ರೈವರ್ ಅಂತೆ. ಕೊಟ್ಟು ಕಳಿಸಿದೆ. ಮಾತಾಡಿಸುವಷ್ಟು ವ್ಯವಧಾನ ಇರಲಿಲ್ಲ.

ಇವತ್ತೂ ಎಲ್ಲ ಕೆಂಪು.

ಫೆಬ್ರವರಿ 17, ಮಂಗಳವಾರ

ಕೊನೆಗೂ ಒಂದು ಗಿರಾಕಿ! ವೃದ್ಧಾಶ್ರಮವೊಂದರ ಮೇಲ್ವಿಚಾರಕಿ ಶೆಡ್ಡಿಗೇ ಬಂದಿದ್ದರು. ಹಳೆಯ ಕಟ್ಟಡ, ಉದ್ದಕ್ಕೂ ಕೋಣೆಗಳು, ಎಲ್ಲ ಬಚ್ಚಲುಗಳಿಗೂ ಬೇಕಂತೆ. ಪಾಸಾದ ಚಿಲಕವೊಂದನ್ನು ಇಕ್ಕಳಕ್ಕೆ ಕಚ್ಚಿಸಿ ತೋರಿಸಿದೆ. ಮುಷ್ಟಿ ಕಟ್ಟಿ ನೂಕಿದೆ, ಬೆಣ್ಣೆಯ ಹಾಗೆ ಸರಿಯಿತು. ಸದ್ದೇ ಇಲ್ಲ.

"ಮಾರ್ಚ್ ಇಪ್ಪತ್ತಕ್ಕೆಲ್ಲ ಕೊಡ್ತೀರಾ?"

"ಖಂಡಿತಾ ಮೇಡಂ."

ಅವರು ಹೋದ ಮೇಲೆ ಫಿಟ್ಟರಣ್ಣ ನನ್ನ ಮುಖವನ್ನೇ ನೋಡುತ್ತಾ ನಿಂತ. "ಈ ಲೆಕ್ಕದಲ್ಲಿ ಪಾಸ್ ಮಾಡ್ತಾ ಹೋದ್ರೆ ಇಪ್ಪತ್ತನೇ ತಾರೀಕು ಸರಿ ಮೇಡಂ, ಯಾವ ವರ್ಷದ್ದು?"

ಖುಷಿಯ ವಿಷಯ ಹೇಳೋಣವೆಂದು ಮನೆಗೆ ಓಡಿದೆ. ಅತ್ತೆ "ಹೌದಾ" ಎಂದರು, ಅಷ್ಟೇ. ಈಚೆಗೆ ಅವರು ಬೆಳಿಗ್ಗೆ ನನ್ನನ್ನು ಕರೆಯುವುದನ್ನೂ ಬಿಟ್ಟಿದ್ದಾರೆ. ಕಾವಲಿಗೆ ಯಾರನ್ನು ಕರೆಯುತ್ತಾರೋ, ಮಗಳನ್ನೋ ಏನೋ. ಮುನಿಸು, ಮತ್ತೇನು. ಸೊಸೆ ತಿಂಗಳ ಸಂಬಳ ಬಿಟ್ಟು ಬಂದಳಲ್ಲ ಎಂಬ ಮುನಿಸು. ಒಳ್ಳೆಯದೇ ಆಯಿತು, ಹೊತ್ತಿಗೆ ಸರಿಯಾಗಿ ಶೆಡ್ಡು ಸೇರುತ್ತಿದ್ದೇನೆ. ಆದರೂ ಇಷ್ಟು ಗಟ್ಟಿ ಮನಸ್ಸೇ ಇವರದ್ದು ಅನ್ನಿಸುತ್ತದೆ.

ಫೆಬ್ರವರಿ 26, ಗುರುವಾರ

ಬೆಳಿಗ್ಗೆ ಅಡುಗೆಮನೆಯಲ್ಲಿದ್ದರೆ ಗೋಡೆಯ ಆಚೆಯಿಂದ ಲೊಟಕ್ ಎಂದು ಸದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಲೊಟಕ್. ಬಚ್ಚಲಿನ ಬಕೀಟಿನ ಹಿಡಿಯೋ ಕಿಟಕಿಯೋ ಕಳಚಿರಬೇಕು. ಹಗಲೆಲ್ಲ ಆ ಸದ್ದಿನ ಜೊತೆ ಬಡಿದಾಡಿ ಮನೆಯಲ್ಲೂ ಅದನ್ನೇ ಕೇಳಬೇಕೇ?

"ರೀ, ಅದೇನದು ಲೊಟಲೊಟ, ಸ್ವಲ್ಪ ನೋಡ್ಬಾರ್ದಾ?"

"ನೋಡ್ತೀನಿ, ನೋಡ್ತೀನಿ" ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟೇಬಿಟ್ಟರು.

ನಾನೇ ನೋಡೋಣವೆಂದು ಹೋದೆ. ಅತ್ತೆ ಎಲ್ಲಿದ್ದರೋ, "ನಾನು ಸ್ನಾನಕ್ಕೆ ಹೋಗ್ತಿದ್ದೀನಿ" ಎಂದು ಟವಲು ಹೆಗಲಿಗೇರಿಸಿಕೊಂಡು ನನಗಿಂತ ಮುಂಚೆ ನುಗ್ಗಿದರು. ಆಗಲೇ ಸ್ನಾನ ಮಾಡಿ ತಲೆ ಬಾಚಿಕೊಂಡಾಗಿತ್ತು! ನನ್ನ ನೆರಳು ಕಂಡರೂ ಆಗದಷ್ಟಾಗಿದೆ ಪರಿಸ್ಥಿತಿ.

ಮಾರ್ಚ್ 9, ಸೋಮವಾರ

ಫಿಟ್ಟರಣ್ಣ ಅರವನ್ನು ನೆಲಕ್ಕೆಸೆದು ಹೊರಟುಹೋದ. ತಪ್ಪು ನನ್ನದೇನೂ ಇಲ್ಲ. ಎಲೆ ಕೂದಲೆಳೆಯಷ್ಟು ತೂರಿತು, ನಾನು ಚೀಟಿ ಕೈಗೆತ್ತಿಕೊಂಡೆ, ಅಷ್ಟೇ.

"ಕಟ್ಟಿ ಮೇಡಂ, ಕಟ್ಟಿ! ನನ್ನ ಕೊರಳಿಗೂ ಒಂದು ಕಟ್ಬಿಡಿ, ಮೂಲೇಲಿ ಕೂತ್ಕೋತೀನಿ!"

ಷಟರಿನ ಕೆಳಗೆ ಬಗ್ಗಿ ಹೋಗುವಾಗ ಅವನ ಸಿಟ್ಟಿನ ನಡಿಗೆಯೂ ಅರ್ಧಕ್ಕೇ ನಿಂತಿತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಸಂಜೆ ಮ್ಯಾನೇಜರ ಫೋನು. ನಾನು ಹೋದಮೇಲೆ ಗಿರಾಕಿಗಳಿಂದ ದೂರಿನ ಮೇಲೆ ದೂರಂತೆ. "ಕುರ್ಚಿ ಹಾಗೇ ಇದೆ. ಮಾರ್ಚ್ ಮೂವತ್ತೊಂದು ನೆನಪಿರ್ಲಿ. ಆಮೇಲೆ ನನ್ನ ಕೈಲೂ ಇರಲ್ಲ." ನನ್ನ ಮೇಜಿನ ಮೇಲೆ ಯಾರಾದರೂ ಧೂಳು ಒರೆಸುತ್ತಾರಾ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಆ ಕುರ್ಚಿಯ ಒಂದು ಕಾಲು ಗಿಡ್ಡ. ಮಡಿಚಿದ ಕಾಗದ ಇಟ್ಟು ಕೂರಬೇಕು. ಅದೂ ನೆನಪಾಯಿತು.

ಮಾರ್ಚ್ 14, ಶನಿವಾರ

ಹೋಗಿ ಕರೆದುಕೊಂಡು ಬಂದೆ. ಫಿಟ್ಟರಣ್ಣನ ಹೆಂಡತಿ ಬಾಗಿಲಲ್ಲೇ "ಮನೇಲಿ ಕೂತು ನನ್ನ ತಲೆ ತಿಂತಿದ್ದಾರೆ, ಮೊದ್ಲು ಕರ್ಕೊಂಡು ಹೋಗಿ" ಎಂದಳು. ಹಗಲಿಡೀ ಉಜ್ಜುತ್ತಿದ್ದೇವೆ. ಅಂಗೈ ಸಿಪ್ಪೆ ಏಳುತ್ತಿದೆ. ಬರೆಯಲು ಶಕ್ತಿಯಿಲ್ಲ.

ಮಾರ್ಚ್ 20, ಶುಕ್ರವಾರ

ಕೊಟ್ಟೆವು! ಎಲ್ಲ ಬಾಗಿಲಿಗೂ ಆಗುವಷ್ಟು, ಒಂದೂ ಕಡಿಮೆಯಿಲ್ಲ. ಒಂದಕ್ಕೂ ಎಲೆ ತೂರುವುದಿಲ್ಲ. ಒಂದೂ ಸದ್ದು ಮಾಡುವುದಿಲ್ಲ. ಕಾರ್ಖಾನೆಯವರು ಬಂದು ನೋಡಿ ಕಲಿಯಬೇಕು, ಹಾಗಿವೆ. ಆಶ್ರಮದವರದೇ ಬಡಗಿ ಹಾಕುತ್ತಾನಂತೆ. ಫಿಟ್ಟರಣ್ಣ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹೊಡೆದ.

ಮನೆಗೂ ಒಂದು ತಂದಿದ್ದೆ. ಅತ್ತೆಯ ಮುಂದಿಟ್ಟು "ನಿಮ್ಮ ಬಚ್ಚಲಿಗೆ ಹಾಕ್ಲಾ?" ಎಂದೆ. ಅವರೂ ಯಜಮಾನರೂ ಮುಖ ಮುಖ ನೋಡಿಕೊಂಡರು.

"ಈಗ ಯಾಕೆ? ಇರ್ಲಿ. ಮುಂದೆ ನೋಡೋಣ" ಎಂದರು ಅತ್ತೆ.

ಮುಂದೆ ನೋಡೋಣ! ಯಾರಿಗಾಗಿ ಇಷ್ಟೆಲ್ಲ ಮಾಡಿದೆನೋ ಅವರಿಗೇ ಬೇಡ. ಚಿಲಕವನ್ನು ಕಪಾಟಿಗೆ ಎಸೆದು ಮಲಗಲು ಬಂದಿದ್ದೇನೆ.

ಮಾರ್ಚ್ 27, ಶುಕ್ರವಾರ

ಬೆಳಿಗ್ಗೆ ಮೇಲ್ವಿಚಾರಕಿಯ ಫೋನು. "ತಕ್ಷಣ ಬನ್ನಿ" ಎಂದು ಇಟ್ಟುಬಿಟ್ಟರು.

ಅಲ್ಲಿ ಟೀಚರಮ್ಮ ಎಂದು ಎಲ್ಲರೂ ಕರೆಯುವ ವಯಸ್ಸಾದ ಹೆಂಗಸೊಬ್ಬರಿದ್ದಾರೆ. ಹಿಂದೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಬಾಗಿಲಿಗೆ ಭಾರ ಬಿಟ್ಟು ಚಿಲಕವನ್ನೇನೋ ಹಾಕಿಕೊಂಡರಂತೆ, ತೆಗೆಯಲಾಗಲಿಲ್ಲ. ನೌಕರರು ಮೇಲಿನ ಗವಾಕ್ಷಿಯಿಂದ ಇಳಿದು ಹೊರಗೆ ತಂದರಂತೆ. ನಾನು ಹೋದಾಗ ಮಂಚದ ಮೇಲೆ ಒದ್ದೆ ಬಟ್ಟೆಯಲ್ಲೇ ಕೂತಿದ್ದರು. ಎರಡು ಕೈಗಳನ್ನೂ ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದರು, ತಪ್ಪು ಮಾಡಿದ್ದು ಕೈಗಳೇ ಅನ್ನುವ ಹಾಗೆ.

"ನಾನೇ ಸರಿಯಾಗಿ ನೂಕಲಿಲ್ಲ ಅಂತ ಕಾಣ್ಸುತ್ತೆ" ಎಂದರು. ದನಿ ಬಿದ್ದುಹೋಗಿತ್ತು.

ಅತ್ತೆಯ ದನಿಯೂ ಅವತ್ತು ಹಾಗೇ ಬಿದ್ದುಹೋಗಿತ್ತು.

ನಾನು ಚಿಲಕವನ್ನು ನೂಕಿ ನೋಡಿದೆ. ಸರಾಗವಾಗಿ ಸರಿಯಿತು. ಮತ್ತೆ ನೂಕಿದೆ, ಮತ್ತೆ ಸರಿಯಿತು. "ಚಿಲಕದಲ್ಲಿ ದೋಷ ಇಲ್ಲ ಮೇಡಂ" ಎಂದು ಬಾಯಿ ತಪ್ಪಿ ಬಂದುಬಿಟ್ಟಿತು.

ಮೇಲ್ವಿಚಾರಕಿ ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತು. "ಹಾಗಿದ್ರೆ ದೋಷ ಇವರ ಕೈಯಲ್ಲಿದೆ ಅಂತೀರಾ? ಆ ಕೈಗೆ ಅಂತಾನೇ ಅಲ್ವಾ ನಾವು ತಗೊಂಡಿದ್ದು? ದಯವಿಟ್ಟು ಎಲ್ಲ ಬಿಚ್ಕೊಂಡು ಹೋಗಿ."

ಬಿಚ್ಚಿಕೊಂಡು ಬಂದೆವು. ನನ್ನ ಜೊತೆ ಬಂದಿದ್ದ ಫಿಟ್ಟರಣ್ಣನೇ ದಾರಿಯುದ್ದಕ್ಕೂ ಚೀಲ ಹೊತ್ತ.

ಮಾರ್ಚ್ 28, ಶನಿವಾರ

ಮ್ಯಾನೇಜರಿಗೆ ಫೋನು ಮಾಡಿ ಮಂಗಳವಾರ ಬರುತ್ತೇನೆಂದು ಹೇಳಿದೆ. "ಜಾಣರು" ಎಂದರು.

ಮನೆಯಲ್ಲಿ ಹೇಳಿದಾಗ ಯಾರೂ ಕುಣಿದಾಡಲಿಲ್ಲ. ಯಜಮಾನರು "ಯೋಚನೆ ಮಾಡಿದ್ಯಾ?" ಎಂದು ಕೇಳಿದರು. ಅತ್ತೆ ತಲೆ ಎತ್ತಿ ನನ್ನನ್ನೇ ನೋಡಿದರು, ಏನೋ ಹೇಳಬೇಕು ಅನ್ನುವವರ ಹಾಗೆ. ಹೇಳಲಿಲ್ಲ. ಇವರಿಗೆ ಬೇಕಿದ್ದದ್ದು ಇದೇ ತಾನೇ?

ನನಗೆ ನಾಚಿಕೆಯಾಗುತ್ತಿದೆ. ಸೋತದ್ದಕ್ಕಲ್ಲ. ಟೀಚರಮ್ಮ ಕೈ ಬಚ್ಚಿಟ್ಟುಕೊಂಡದ್ದಕ್ಕೆ.

ಮಾರ್ಚ್ 29, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮತ್ತೆ ಆ ಲೊಟಕ್. ಎಲ್ಲ ಮುಗಿಸಿ ವಾಪಸು ಹೋಗುವ ಮುಂಚೆ ಈ ಒಂದು ಸದ್ದನ್ನಾದರೂ ನಿಲ್ಲಿಸಿ ಹೋಗೋಣ ಎಂಬ ಸಿಟ್ಟು ಬಂತು. ಅತ್ತೆ ಹಿತ್ತಲಿಗೆ ಬಟ್ಟೆ ತರಲು ಹೋದದ್ದನ್ನು ನೋಡಿ, ಸ್ಕ್ರೂಡ್ರೈವರ್ ಹಿಡಿದು ಅವರ ಬಚ್ಚಲಿಗೆ ನುಗ್ಗಿದೆ. ಬಕೀಟು ಸರಿಯಿತ್ತು. ಕಿಟಕಿ ಸರಿಯಿತ್ತು. ಬಾಗಿಲ ಒಳಬದಿಗೆ ಅವರ ಟವಲು ನೇತಾಡುತ್ತಿತ್ತು. ಟವಲು ನೇತುಹಾಕಲು ಅಲ್ಲಿ ಏನೂ ಇರಲಿಲ್ಲವಲ್ಲ ಎಂದುಕೊಂಡು ಎಳೆದೆ.

ಕೆಳಗೆ ನನ್ನ ಚಿಲಕ. ಅಂಗೈಯಗಲದ ಹಿಡಿ. ಹಿಡಿಯ ಬುಡದಲ್ಲಿ ಕತ್ತರಿಸಿದ ದಾರದ ತುಂಡು, ಅದರಲ್ಲಿ ಕೆಂಪು ಚೀಟಿಯ ಒಂದು ಚೂರು ಇನ್ನೂ ಅಂಟಿಕೊಂಡಿತ್ತು.

ಕೈ ತಾನಾಗಿ ಸ್ಕ್ರೂ ಬಿಚ್ಚಲು ಹೋಯಿತು. ನಾನು ತಳ್ಳಿಹಾಕಿದ ಮಾಲು ನನ್ನದೇ ಮನೆಯ ಬಾಗಿಲಿಗೆ!

"ಕೀಳ್ಬೇಡ ಕಣೇ." ಹಿಂದೆ ಅತ್ತೆ, ಕಂಕುಳಲ್ಲಿ ಬಟ್ಟೆಯ ಗಂಟು.

"ಇದು ಇಲ್ಲಿಗೆ ಹೇಗೆ ಬಂತು?"

"ನಿನ್ನ ಗಂಡ ತಂದು ಹಾಕ್ದ."

ಯಜಮಾನರು ಇಂಗು ತಿಂದ ಮಂಗನ ಹಾಗೆ ಬಂದು ನಿಂತರು. "ಪಾಸಾಗಿದ್ದನ್ನ ಮುಟ್ಟೋ ಧೈರ್ಯ ನನಗೆಲ್ಲಿದೆ? ರಾಶಿಯಿಂದ ಒಂದು ಎತ್ಕೊಂಡೆ. ಅಮ್ಮ ದಿನಾ ನಿನ್ನ ಕಾಯಿಸ್ತಾರಲ್ಲ, ನೀನು ಪಾಸ್ ಮಾಡೋವರೆಗೆ ಇದಿರ್ಲಿ ಅಂತ. ಅದು ಬಿಟ್ರೆ ನನಗೇನೂ ಗೊತ್ತಿಲ್ಲ."

"ಅಂದ್ರೆ ಅತ್ತೆ, ನೀವು ನನ್ನ ಕರೀದೆ ಇದ್ದಿದ್ದು..."

"ಕರೆಯೋ ಕೆಲಸ ಇರ್ಲಿಲ್ಲ. ಕರೀಲಿಲ್ಲ."

"ಮುನಿಸ್ಕೊಂಡಿದ್ದೀರಿ ಅಂದ್ಕೊಂಡಿದ್ದೆ."

"ಮುನಿಸೂ ಇತ್ತು ಸ್ವಲ್ಪ" ಎಂದರು. "ನಿನ್ನೆನೇ ಹೇಳ್ಬೇಕು ಅಂತಿದ್ದೆ. ಹೇಳಿದ್ರೆ ಸರಿ ಮಾಡ್ತೀನಿ ಅಂತ ಬಿಚ್ಕೊಂಡು ಹೋಗ್ತೀಯ. ನೀನು ಸರಿ ಮಾಡಿದ್ದು ನನ್ನ ಕೈಗೆ ಬಗ್ಗುತ್ತೋ ಇಲ್ವೋ. ಅದಕ್ಕೇ ಸುಮ್ಮನಿದ್ದೆ."

ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿತು. ಲೊಟಕ್. ಒಂದಿಷ್ಟು ಹೊತ್ತು ಏನೂ ಕೇಳಿಸಲಿಲ್ಲ. ಕೆಮ್ಮಲೂ ಇಲ್ಲ. ಆಮೇಲೆ ಮತ್ತೆ ಲೊಟಕ್, ಬಾಗಿಲು ತೆರೆಯಿತು. ಮಣಿಕಟ್ಟಿನಲ್ಲಿ ಸುಮ್ಮನೆ ತಳ್ಳಿದ್ದರು, ತಟ್ಟೆ ಪಕ್ಕಕ್ಕೆ ಸರಿಸುವ ಹಾಗೆ. ನನ್ನ ಮುಖವನ್ನೇ ನೇರ ನೋಡುತ್ತಾ ಹೊರಗೆ ಬಂದರು.

ಕಪಾಟಿನಲ್ಲಿ ಎಸೆದಿದ್ದ ಪಾಸಾದ ಚಿಲಕವನ್ನು ತಂದು ಅದೇ ಬಾಗಿಲಿಗೆ ಹಾಕಿದೆ. ನಾನೂ ಅವರ ಜೊತೆ ಒಳಗೆ ನಿಂತು ಬಾಗಿಲು ಮುಚ್ಚಿ, ಚಿಲಕ ಹಾಕಿ, ತೆಗೆಯಲು ನೂಕಿ ಎಂದೆ. ಬರಲಿಲ್ಲ. ಎರಡೂ ಕೈ ಸೇರಿಸಿ ನೂಕಿದರು, ನೋವಿಗೆ ಹಲ್ಲು ಕಚ್ಚಿದರು. ನಾನು ಸಾಕು ಸಾಕು ಎಂದೆ. ನಾನೇ ನೂಕಿ, ಸಂದಿಗೆ ಕಣ್ಣಿಟ್ಟು ನೋಡಿದಾಗ ಅರ್ಥವಾಯಿತು. ನೀರು ಕುಡಿದ ಬಾಗಿಲು ಸ್ವಲ್ಪ ಉಬ್ಬುತ್ತದೆ, ಸ್ವಲ್ಪ ಜಗ್ಗುತ್ತದೆ. ಬಿಗಿಯಾದ ಸರಳಿಗೆ ಚೌಕಟ್ಟಿನ ತೂತು ಕೂದಲೆಳೆ ತಪ್ಪಿದರೂ ಅದು ಕಚ್ಚಿಕೊಳ್ಳುತ್ತದೆ. ನನ್ನ ಕೈಗೆ ಬಲವಿದೆ, ನನಗದು ಗೊತ್ತೇ ಆಗುವುದಿಲ್ಲ. ಸಡಿಲವಾದದ್ದು ತಾನೇ ಅತ್ತಿತ್ತ ಹೊಂದಿಕೊಂಡು ದಾರಿ ಮಾಡಿಕೊಳ್ಳುತ್ತದೆ.

ಇಷ್ಟು ವರ್ಷ ಚಿಲಕ ತಪಾಸಣೆ ಮಾಡಿದವಳು ನಾನು. ಒಂದನ್ನೂ ಬಾಗಿಲಿಗೆ ಹಾಕಿ ನೋಡಿರಲಿಲ್ಲ. ಕಾರ್ಖಾನೆಯಲ್ಲಿ ಇಕ್ಕಳ ಇತ್ತು, ಎಲೆ ಇತ್ತು, ಬಾಗಿಲೇ ಇರಲಿಲ್ಲ.

ಹಳೆಯದನ್ನು ಮತ್ತೆ ಅದೇ ಜಾಗಕ್ಕೆ ಹಾಕಿಕೊಟ್ಟೆ. ಅತ್ತೆ ಸ್ಕ್ರೂ ಪೂರ್ತಿ ಕೂರುವವರೆಗೂ ಪಕ್ಕದಲ್ಲೇ ನಿಂತಿದ್ದರು. ನಂಬಿಕೆ ಇಲ್ಲ ನನ್ನ ಮೇಲೆ.

ಮಾರ್ಚ್ 31, ಮಂಗಳವಾರ

ಮೂಲೆಯ ರಾಶಿಯಿಂದ ಆರಿಸಿದ ಚಿಲಕಗಳನ್ನು ಚೀಲಕ್ಕೆ ತುಂಬಿಕೊಂಡು ಫಿಟ್ಟರಣ್ಣನೂ ನಾನೂ ಆಶ್ರಮಕ್ಕೆ ಹೋದೆವು. ಚೀಟಿ ಬಿಚ್ಚಲು ನಿನ್ನೆಯಿಡೀ ಹಿಡಿಯಿತು. ನಾನು ಕಟ್ಟಿದ ಗಂಟು ಸುಲಭಕ್ಕೆ ಬಿಚ್ಚಿಕೊಳ್ಳುವಂಥದ್ದಲ್ಲ.

ಮೇಲ್ವಿಚಾರಕಿ ಬಾಗಿಲಲ್ಲೇ ತಡೆದರು. "ಒಂದೇ ಬಾಗಿಲು ಮೇಡಂ. ಟೀಚರಮ್ಮನೇ ಬೇಡ ಅಂದ್ರೆ ಇವತ್ತೇ ಬಿಚ್ಕೊಂಡು ಹೋಗ್ತೀನಿ, ಮತ್ತೆ ಮುಖ ತೋರಿಸಲ್ಲ" ಎಂದು ನಾನು ಬೇಡಿಕೊಂಡೆ, ಕಾಲಿಗೆ ಬೀಳುವುದೊಂದು ಬಾಕಿ.

ಟೀಚರಮ್ಮ ಮೊದಲು ಬಚ್ಚಲ ಹತ್ತಿರವೂ ಬರಲಿಲ್ಲ. "ನಾನು ಹೊರಗೇ ನಿಂತಿರ್ತೀನಿ" ಎಂದೆ. ಗೋಡೆಯ ಕಡೆ ಮುಖ ಮಾಡಿ ನಿಂತೆ. ಅಭ್ಯಾಸವಿದೆಯಲ್ಲ. ಅವರು ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿತು, ನಿಂತಿತು, ಪೂರ್ತಿ ಮುಚ್ಚಿತು. ಲೊಟಕ್. ಆಗ ಸರಿಯಾಗಿ ನನ್ನ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಮ್ಯಾನೇಜರ್. ಎತ್ತಲಿಲ್ಲ.

ಲೊಟಕ್. ತೆರೆಯಿತು. ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ಮೂರನೆಯ ಸಲ ಬಾಗಿಲ ಸಂದಿನಿಂದ ಟೀಚರಮ್ಮ ತಲೆ ಹೊರಗೆ ಹಾಕಿ, ತರಗತಿಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು: "ಇನ್ನು ನೀವು ಅಲ್ಲಿ ನಿಲ್ಬೇಡಿ. ಹೋಗಿ."

ಅಂಗಳಕ್ಕೆ ಬಂದು ಫೋನು ಮಾಡಿದೆ. "ಬರಲ್ಲ ಸರ್."

"ಕೋಪ ಇನ್ನೂ ಇಳಿದಿಲ್ವಾ?"

"ಇಲ್ಲ ಸರ್. ಇನ್ನೂ ಇದೆ."

ಅವರಿಗೆ ಒಂದು ಸಲಹೆ ಕೊಡಬೇಕೆನ್ನಿಸಿತು: ತಪಾಸಣೆಯ ಕೋಣೆಗೆ ಒಂದು ಬಾಗಿಲು ತಂದಿಡಿ ಎಂದು. ಪೆಟ್ಟಿಗೆಗೆ ಹಾಕಿ ಎನ್ನುತ್ತಾರೆ ಎಂದುಕೊಂಡು ಸುಮ್ಮನಾದೆ.

ಏಪ್ರಿಲ್ 11, ಶನಿವಾರ

ಆಶ್ರಮದವರು ಉಳಿದ ಬಾಗಿಲುಗಳಿಗೂ ಹಾಕಿಸಿಕೊಂಡಿದ್ದಾರೆ. ಮೇಲ್ವಿಚಾರಕಿಯ ಅಕ್ಕನ ಮನೆಗೆ ಎರಡು ಬೇಕಂತೆ. ಹಾಗೆಂದು ಹಿಗ್ಗುವಂಥದ್ದೇನೂ ಆಗಿಲ್ಲ. ಎರಕದವನು ಈಗ ಮಾಲನ್ನು ಬಿಗಿಯಾಗಿಯೇ ಕಳಿಸುತ್ತಿದ್ದಾನೆ. ಸಡಿಲ ಬೇಕು ಎಂದರೆ "ನೀವೇ ತಾನೇ ಮೇಡಂ ಬೈದಿದ್ದು?" ಎನ್ನುತ್ತಾನೆ. ಷಟರ್ ಇನ್ನೂ ಅರ್ಧಕ್ಕೇ ನಿಲ್ಲುತ್ತದೆ.

ಶೆಡ್ಡಿನ ನಡುವೆ ಒಂದು ಹಳೆಯ ಬಾಗಿಲನ್ನು ಚೌಕಟ್ಟಿನ ಸಮೇತ ನಿಲ್ಲಿಸಿದ್ದೇವೆ. ಬೇಕೆಂದೇ ಸ್ವಲ್ಪ ಜಗ್ಗಿಸಿದ್ದೇವೆ. ಬಂದವರು, ಹೋದವರು ಗೋಡೆಯಿಲ್ಲದ ಬಾಗಿಲನ್ನು ನೋಡಿ ನಗುತ್ತಾರೆ. ಅತ್ತೆ ಮೊನ್ನೆಯಿಂದ ಬೆಳಿಗ್ಗೆ ನನ್ನ ಜೊತೆಯೇ ಬರುತ್ತಿದ್ದಾರೆ. ನಾನು ಕರೆದಿರಲಿಲ್ಲ. "ಮನೇಲಿ ಕೂತು ಏನ್ಮಾಡ್ಲಿ" ಎಂದು ಬಾಗಿಲ ಪಕ್ಕ ಕುರ್ಚಿ ಹಾಕಿಸಿಕೊಂಡರು. ಫಿಟ್ಟರಣ್ಣ ಚಿಲಕ ಹಾಕುತ್ತಾನೆ, ಅವರು ಎದ್ದು ಮಣಿಕಟ್ಟಿನಿಂದ ನೂಕುತ್ತಾರೆ, ಕೂರುತ್ತಾರೆ.

ಇವತ್ತು ಒಂದು ಚಿಲಕ ಬಂತು. ನಾನೇ ಕೂತು ಉಜ್ಜಿದ್ದು. ಹೊಳಪು, ನುಣುಪು, ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ನೋಡಿದರೆ ಕಣ್ಣು ತುಂಬುವ ಹಾಗಿತ್ತು. ಅತ್ತೆ ನೂಕಿದರು. ಮತ್ತೊಮ್ಮೆ ನೂಕಿದರು.

"ಬಿಗಿ. ಚೀಟಿ ಕಟ್ಟು."

"ಅತ್ತೆ, ಇದೊಂದು ಬಿಟ್ಬಿಡಿ. ಸ್ವಲ್ಪ ಎಣ್ಣೆ ಹಾಕಿದ್ರೆ..."

"ಎಣ್ಣೆ ಒಣಗಲ್ವಾ? ಕಟ್ಟು ಅಂದೆ."

"ನಾನೇ ಮಾಡಿದ್ದು ಕಣ್ರೀ ಅತ್ತೆ ಅದು."

"ನನ್ನ ಕೈಲಿ ಗಂಟು ಹಾಕೋಕಾಗಲ್ಲ. ಆಗಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ?" ಕೆಂಪು ಚೀಟಿಯನ್ನು ಎರಡು ಮಣಿಕಟ್ಟುಗಳ ನಡುವೆ ಹಿಡಿದು ನನ್ನ ಕಡೆ ಚಾಚಿದರು.

ಫಿಟ್ಟರಣ್ಣ ಬೇರೆ ಕಡೆ ತಿರುಗಿಕೊಂಡು ನಗುತ್ತಿದ್ದ, ಬೆನ್ನು ಕುಲುಕುತ್ತಿತ್ತು. ನಾನು ಇನ್ನೊಂದು ಸಲ ಬೇಡಿಕೊಂಡೆ. ಅತ್ತೆ ಜಗ್ಗಲಿಲ್ಲ. ಕಟ್ಟಿದೆ. ಗಂಟು ಸರಿಯಾಗಿದೆಯಾ ಎಂದು ಎಳೆದು ತೋರಿಸು ಎಂದರು, ಎಳೆದು ತೋರಿಸಿದೆ.